ಹಾಜರಿ ಪುಸ್ತಕ ಹಿಡಿದು ಹೊರಟ ಮೇಷ್ಟ್ರು: ಭೂಕಂಪದ ನಂತರ ಹಳ್ಳಿಗೆ ನೆರವು ಮುಟ್ಟುವುದು ಹೇಗೆ?

2015ರ ಏಪ್ರಿಲ್ 25, ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರ, ನಮ್ಮ ಹಾಗೆ ಭಾನುವಾರ ಅಲ್ಲ. ಅವತ್ತು ಬೆಳಿಗ್ಗೆ 11 ಗಂಟೆ 56 ನಿಮಿಷಕ್ಕೆ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಎಂಬ ಬೆಟ್ಟದೂರಿನ ಬಳಿ ಭೂಮಿ ನಡುಗಿತು. ತೀವ್ರತೆ 7.8. ಸುಮಾರು 9 ಸಾವಿರ ಜನ ಸತ್ತರು. 22 ಸಾವಿರದಷ್ಟು ಜನ ಗಾಯಗೊಂಡರು. ಪೂರ್ತಿ ಬಿದ್ದುಹೋದ ಮನೆಗಳೇ ಸುಮಾರು 5 ಲಕ್ಷ. ಸಾವಿರಾರು ಶಾಲೆಗಳು ಕುಸಿದವು, ಇಲ್ಲವೇ ಒಳಗೆ ಕಾಲಿಡಲಾಗದಷ್ಟು ಬಿರುಕು ಬಿಟ್ಟವು.

ಅವತ್ತು ಶಾಲೆ ಇದ್ದಿದ್ದರೆ? ಊಹಿಸಿಕೊಳ್ಳುವುದೇ ಬೇಡ ಅನಿಸುತ್ತದೆ. ಆದರೆ ಊಹೆಯೂ ಬೇಕಿಲ್ಲ. 2005ರ ಅಕ್ಟೋಬರ್ 8ರಂದು ಪಾಕಿಸ್ತಾನದ ಕಡೆಯ ಕಾಶ್ಮೀರದಲ್ಲಿ ಭೂಕಂಪ ಆದಾಗ ಬೆಳಗಿನ ತರಗತಿ ನಡೆಯುತ್ತಿತ್ತು. ಶಾಲೆಗಳ ಅಡಿಯಲ್ಲಿ ಸಿಕ್ಕಿ 17 ಸಾವಿರಕ್ಕೂ ಹೆಚ್ಚು ಮಕ್ಕಳು ಸತ್ತರು. ನೇಪಾಳದ ಮಕ್ಕಳನ್ನು ಕಾಪಾಡಿದ್ದು ರಜೆ. ಮೇ 12ರಂದು ಮತ್ತೆ 7.3ರ ಕಂಪನ ಬಂತು. ಅದು ಮಂಗಳವಾರ, ಮಧ್ಯಾಹ್ನ 12.50ರ ಹೊತ್ತು, ಪಾಠ ನಡೆಯುವ ಸಮಯವೇ. ಆದರೆ ಸರ್ಕಾರ ಶಾಲೆಗಳನ್ನು ಇನ್ನೂ ತೆರೆದಿರಲಿಲ್ಲ. ಎರಡನೇ ಸಲವೂ ಮಕ್ಕಳು ಹೊರಗಿದ್ದರು.

ಶಾಲೆಗಳು ಮತ್ತೆ ತೆರೆದಿದ್ದು ಮೇ 31ಕ್ಕೆ. ಅಂದರೆ ಐದು ವಾರ ಪಾಠ ಇಲ್ಲ. ಆ ಐದು ವಾರ ಹಳ್ಳಿಯ ಮೇಷ್ಟ್ರುಗಳು ಏನು ಮಾಡಬಹುದಿತ್ತು? ಅವರನ್ನೇ ಯಾಕೆ ನೆಚ್ಚಿಕೊಳ್ಳಬೇಕಾಯಿತು? ಇದನ್ನು ಅರ್ಥ ಮಾಡಿಕೊಂಡರೆ ಭೂಕಂಪದ ಪರಿಹಾರ ಅನ್ನುವ ದೊಡ್ಡ ಯಂತ್ರ ಒಳಗಿನಿಂದ ಹೇಗೆ ನಡೆಯುತ್ತದೆ ಎನ್ನುವುದೂ ಅರ್ಥವಾಗುತ್ತದೆ.

ಸಾಮಾನು ಬಂತು, ಊರಿಗೆ ಬರಲಿಲ್ಲ

ದೊಡ್ಡ ಅನಾಹುತ ಆದಾಗ ನಮಗೆ ಟೀವಿಯಲ್ಲಿ ಕಾಣುವುದು ವಿಮಾನ, ಹೆಲಿಕಾಪ್ಟರ್, ಸಾಲುಗಟ್ಟಿದ ಲಾರಿಗಳು. ಸಾಮಾನು ಕಳಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ನಿಜವಾದ ಕಷ್ಟ ಅಲ್ಲಿಂದ ಮುಂದೆ ಇರುತ್ತದೆ.

ಆಗ ನೇಪಾಳಕ್ಕೆ ಇದ್ದಿದ್ದು ಒಂದೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಕಠ್ಮಂಡುವಿನ ತ್ರಿಭುವನ್. ಅದರ ರನ್‌ವೇ ಹಾಳಾಗತೊಡಗಿ ಮೇ ಮೊದಲ ವಾರದಲ್ಲಿ ಭಾರಿ ವಿಮಾನಗಳನ್ನು ಇಳಿಸುವುದನ್ನೇ ನಿಲ್ಲಿಸಬೇಕಾಯಿತು. ಇಳಿದ ಸಾಮಾನು ಲಾರಿ ಹತ್ತಿ ಬೆಟ್ಟದ ರಸ್ತೆ ಹಿಡಿಯಬೇಕು. ಆ ರಸ್ತೆಗಳ ಮೇಲೆ ಗುಡ್ಡ ಜಾರಿ ಕೂತಿತ್ತು. ರಸ್ತೆ ಮುಗಿದ ಮೇಲೆ ಹಲವು ಊರುಗಳಿಗೆ ಕಾಲುದಾರಿಯೇ ಗತಿ. ವಿಶ್ವ ಆಹಾರ ಕಾರ್ಯಕ್ರಮದವರು ಸಾವಿರಾರು ಕೂಲಿಗಳನ್ನು, ಹೇಸರಗತ್ತೆಗಳನ್ನು ಹಿಡಿದು ಮೂಟೆ ಹೊರಿಸಿ ಸಾಗಿಸಿದರು.

ಸರಿ, ಮೂಟೆ ಊರಿನ ಬಾಗಿಲಿಗೆ ಬಂತು. ಈಗ ಯಾರ ಕೈಗೆ ಕೊಡಬೇಕು? ಈ ಊರಿನಲ್ಲಿ ಎಷ್ಟು ಮನೆ? ಯಾರ ಮನೆ ಬಿದ್ದಿದೆ, ಯಾರದ್ದು ನಿಂತಿದೆ? ಬಾಣಂತಿ ಯಾರು? ಗುಡ್ಡದ ಮೇಲಿನ ಹಟ್ಟಿಯಲ್ಲಿ ಒಂಟಿ ಮುದುಕಿ ಇದ್ದಾಳಾ? ಇದೆಲ್ಲ ಗೊತ್ತಿಲ್ಲದಿದ್ದರೆ ಆಗುವುದು ಒಂದೇ. ರಸ್ತೆ ಪಕ್ಕದ ಊರಿಗೆ ಮೂರು ಸಂಸ್ಥೆಗಳು ಮೂರು ಸಲ ಕೊಡುತ್ತವೆ. ಎರಡು ಗಂಟೆ ಏರಬೇಕಾದ ಊರಿಗೆ ಒಂದು ಸಲವೂ ಸಿಗುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಅದೇ. ನೇಪಾಳದಲ್ಲಿ ಹೀಗೆ ರಸ್ತೆ ಬದಿಯಲ್ಲೇ ನಿಂತುಹೋದ ನೆರವಿನ ಬಗ್ಗೆ ದೂರುಗಳು ಬೇಕಾದಷ್ಟು ಬಂದವು.

ಹಾಗಾಗಿ ಕೊನೆಯ ಎರಡು ಮೈಲಿಗೆ ಬೇಕಾದದ್ದು ಲಾರಿಗಿಂತ ಜಾಸ್ತಿ ಮಾಹಿತಿ. ಅದೂ ನಂಬಬಹುದಾದ ಮಾಹಿತಿ.

ನಮ್ಮಲ್ಲಾದರೆ ಪಂಚಾಯಿತಿ ಸದಸ್ಯರನ್ನು ಕೇಳುತ್ತೇವೆ. ನೇಪಾಳದ ಹಳ್ಳಿಗಳಲ್ಲಿ ಆಗ ಅಂಥವರೇ ಇರಲಿಲ್ಲ. 1997ರಲ್ಲಿ ಸ್ಥಳೀಯ ಚುನಾವಣೆ ನಡೆದಿತ್ತು. ಆರಿಸಿ ಬಂದವರ ಅವಧಿ 2002ಕ್ಕೆ ಮುಗಿಯಿತು. ಆಮೇಲೆ ಚುನಾವಣೆ ಆಗಿದ್ದು 2017ರಲ್ಲಿ. ಭೂಕಂಪ ಬಂದ ಹೊತ್ತಿಗೆ ಹದಿಮೂರು ವರ್ಷದಿಂದ ಊರಿಗೆ ಆರಿಸಿ ಬಂದ ಮುಖಂಡ ಇಲ್ಲ. ನಮ್ಮ ಪಂಚಾಯಿತಿಯಂಥ ಗ್ರಾಮ ವಿಕಾಸ ಸಮಿತಿಗೆ ಸರ್ಕಾರದ ಕಡೆಯಿಂದ ಒಬ್ಬ ಕಾರ್ಯದರ್ಶಿ ಇರುತ್ತಿದ್ದರು. ಕೆಲವರ ಮೇಲೆ ಒಂದಕ್ಕಿಂತ ಹೆಚ್ಚು ಊರುಗಳ ಹೊರೆ. 1996ರಿಂದ 2006ರವರೆಗೆ ನಡೆದ ಮಾವೋವಾದಿ ಯುದ್ಧದ ಕಾಲದಲ್ಲಿ ಈ ಕಾರ್ಯದರ್ಶಿಗಳಲ್ಲಿ ಬಹಳ ಜನ ಜೀವಭಯದಿಂದ ಜಿಲ್ಲಾ ಕೇಂದ್ರ ಸೇರಿದ್ದರು. ಯುದ್ಧ ಮುಗಿದರೂ ಎಷ್ಟೋ ಕಡೆ ಅವರು ಊರಿಗೆ ಸರಿಯಾಗಿ ವಾಪಸ್ ಬರಲಿಲ್ಲ.

ಊರಿನ ಗಂಡಸರು? ದುಡಿಯುವ ವಯಸ್ಸಿನ ಬಹಳ ಜನ ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ, ಭಾರತದಲ್ಲಿ. ನಮ್ಮ ಬೆಂಗಳೂರಿನಲ್ಲೂ ಅಪಾರ್ಟ್‌ಮೆಂಟ್ ಗೇಟುಗಳಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ ನೇಪಾಳದ ಹಳ್ಳಿಗಳಿಂದ ಬಂದವರು ಎಷ್ಟು ಜನ ಇದ್ದಾರೆ ನೋಡಿ. ಊರಲ್ಲಿ ಉಳಿದಿದ್ದು ಹೆಂಗಸರು, ಮಕ್ಕಳು, ವಯಸ್ಸಾದವರು.

ಮತ್ತೆ ಶಾಲೆಯ ಮೇಷ್ಟ್ರು. ಯುದ್ಧದ ಕಾಲದಲ್ಲಿ ಸರ್ಕಾರಿ ಪಡೆ, ಮಾವೋವಾದಿಗಳು, ಎರಡೂ ಕಡೆಯವರಿಂದ ಹಿಂಸೆ ಅನುಭವಿಸಿಯೂ ಊರಲ್ಲೇ ಉಳಿದ ಸರ್ಕಾರಿ ನೌಕರರು ಬಹುಪಾಲು ಇವರೇ. ಮಕ್ಕಳು ಅವರನ್ನು ಸರ್, ಮಿಸ್ ಅನ್ನುತ್ತಾರೆ. ಹೆಡ್‌ಮಾಸ್ಟರ್‌ಗೆ ಹೆಡ್‌ಸರ್. ಊರಿನ ಅಜ್ಜಿಯೂ ಹಾಗೇ ಕರೆಯುತ್ತಾಳೆ.

ಒಂದು ಊರು, ಒಂದು ಪಟ್ಟಿ

ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಸಿಂಧುಪಾಲ್ಚೋಕ್ ಜಿಲ್ಲೆಯದ್ದು ಅಂತಲೇ ಇಟ್ಟುಕೊಳ್ಳಿ. ಅತಿ ಹೆಚ್ಚು ಸಾವು ಆಗಿದ್ದು ಆ ಜಿಲ್ಲೆಯಲ್ಲೇ, ಸುಮಾರು 3,500. ನಮ್ಮ ಊರಿನಲ್ಲಿ 140 ಮನೆ, ಹೆಚ್ಚುಕಮ್ಮಿ 700 ಜನ. ಇಳಿಜಾರಿನಲ್ಲಿ ಚದುರಿಕೊಂಡ ಐದಾರು ಹಟ್ಟಿಗಳು. ಮಧ್ಯದಲ್ಲಿ ಶಾಲೆ. ಕಟ್ಟಡ ಬಿದ್ದಿದೆ, ಮೈದಾನ ಇದೆ.

ಮೊದಲ ಎರಡು ದಿನ ಯಾರ ತಲೆಯಲ್ಲೂ ಪಟ್ಟಿಗಿಟ್ಟಿ ಇರುವುದಿಲ್ಲ. ಕಲ್ಲು ಎತ್ತಿ ಜನರನ್ನು ಹೊರಗೆ ತೆಗೆಯುವುದು, ಸತ್ತವರನ್ನು ಸುಡುವುದು, ಗಾಯಾಳುಗಳನ್ನು ಹೊತ್ತು ಕೆಳಗೆ ಇಳಿಸುವುದು, ಇಷ್ಟೇ. ಭೂಕಂಪದಲ್ಲಿ ಬದುಕಿ ಹೊರಬರುವವರಲ್ಲಿ ಬಹುಪಾಲು ಜನರನ್ನು ತೆಗೆಯುವುದು ಅಕ್ಕಪಕ್ಕದ ಮನೆಯವರೇ. ಹೊರಗಿನ ರಕ್ಷಣಾ ಪಡೆ ಬರುವಷ್ಟರಲ್ಲಿ ಸಮಯ ಮೀರಿರುತ್ತದೆ. ಮೇಷ್ಟ್ರೂ ಆಗ ಎಲ್ಲರ ಹಾಗೆ ಕಲ್ಲು ಎತ್ತುವ ಒಬ್ಬ ಮನುಷ್ಯ.

ಮೂರನೇ ದಿನದಿಂದ ಲೆಕ್ಕ ಶುರುವಾಗುತ್ತದೆ. ಮೇಷ್ಟ್ರ ಕೈಯಲ್ಲಿ ಅಥವಾ ತಲೆಯಲ್ಲಿ ಹಾಜರಿ ಪುಸ್ತಕ ಇದೆ. ನೇಪಾಳದ ಶಾಲೆಗಳ ಹೊಸ ವರ್ಷ ವೈಶಾಖದಲ್ಲಿ, ಅಂದರೆ ಏಪ್ರಿಲ್ ಮಧ್ಯದಲ್ಲಿ ಶುರು. ಭೂಕಂಪ ಆಗಿದ್ದು ವೈಶಾಖ 12ಕ್ಕೆ. ದಾಖಲಾತಿ ಆಗಷ್ಟೇ ನಡೆಯುತ್ತಿದ್ದ ಸಮಯ. ಯಾವ ಮನೆಯಲ್ಲಿ ಯಾವ ವಯಸ್ಸಿನ ಮಗು ಇದೆ, ಅಪ್ಪ ಕತಾರ್‌ನಲ್ಲಿದ್ದಾನಾ, ಮನೆ ನಡೆಸುತ್ತಿರುವುದು ಅಜ್ಜಿಯಾ, ಇವೆಲ್ಲ ಮೇಷ್ಟ್ರಿಗೆ ಗೊತ್ತು. ಮಗು ಎರಡು ಗಂಟೆ ನಡೆದು ಬರುವ ಮೇಲಿನ ಹಟ್ಟಿಯೂ ಅವರ ಲೆಕ್ಕದಲ್ಲಿದೆ. ರಸ್ತೆಯಿಂದ ಬಂದ ಸಂಸ್ಥೆಯವರಿಗೆ ಆ ಹಟ್ಟಿ ಇದೆ ಅನ್ನುವುದೇ ಗೊತ್ತಿರುವುದಿಲ್ಲ.

ಆದರೆ ಇಲ್ಲೊಂದು ಗುಂಡಿ ಇದೆ. ಹಾಜರಿ ಪುಸ್ತಕದಲ್ಲಿ ಇರುವುದು ಶಾಲೆಗೆ ಬರುವ ಮಕ್ಕಳ ಮನೆಗಳು ಮಾತ್ರ. ನಮ್ಮ 140 ಮನೆಯಲ್ಲಿ 95 ಮನೆಗಳಿಂದ ಮಕ್ಕಳು ಬರುತ್ತಾರೆ ಅನ್ನಿ. ಉಳಿದ 45 ಮನೆ? ಮಕ್ಕಳಿಲ್ಲದ ದಂಪತಿ. ಒಂಟಿ ವಿಧವೆ. ಅಂಗವಿಕಲ ಮಗುವನ್ನು ಶಾಲೆಗೆ ಕಳಿಸದ ಮನೆ. ಬಡತನಕ್ಕೋ ಅವಮಾನಕ್ಕೋ ಮಕ್ಕಳನ್ನು ಬಿಡಿಸಿದ ದಲಿತರ ಮನೆ. ಅಂದರೆ ಪುಸ್ತಕದಲ್ಲಿ ಇಲ್ಲದವರೇ ಹೆಚ್ಚು ಕಷ್ಟದಲ್ಲಿ ಇರುವವರು! ಒಳ್ಳೆಯ ಮೇಷ್ಟ್ರು ಇದನ್ನು ಮರೆಯುವುದಿಲ್ಲ. ಪುಸ್ತಕದಿಂದ ಶುರು ಮಾಡಿ, ಪುಸ್ತಕ ಬಿಟ್ಟು ನಡೆಯುತ್ತಾರೆ. ದೊಡ್ಡ ತರಗತಿಯ ಹುಡುಗ ಹುಡುಗಿಯರನ್ನು ಇಬ್ಬಿಬ್ಬರಾಗಿ ಒಂದೊಂದು ಹಟ್ಟಿಗೆ ಕಳಿಸಬಹುದು. ಆದರೆ ಬಿರುಕು ಬಿಟ್ಟ ಗೋಡೆಯ ಹತ್ತಿರ ಹೋಗಬೇಡಿ, ಹೊರಗೇ ನಿಂತು ಕೂಗಿ ಕೇಳಿ ಎಂದು ಮೊದಲೇ ಹೇಳಿ ಕಳಿಸಬೇಕು. ಮರುಕಂಪನಗಳು ನಿಂತಿರುವುದಿಲ್ಲ. ನೇಪಾಳದಲ್ಲಿ ಆಮೇಲೆ 4ಕ್ಕಿಂತ ಹೆಚ್ಚಿನ ತೀವ್ರತೆಯ ಕಂಪನಗಳೇ 400ಕ್ಕೂ ಜಾಸ್ತಿ ಬಂದವು.

ಪಟ್ಟಿಯಲ್ಲಿ ಏನಿರಬೇಕು? ಮನೆಯ ಯಜಮಾನರ ಹೆಸರು ಒಂದೇ ಸಾಲದು. ಮನೆಯಲ್ಲಿ ಎಷ್ಟು ಜನ, ಐದು ವರ್ಷದ ಒಳಗಿನವರು ಎಷ್ಟು, ಬಸುರಿ ಬಾಣಂತಿಯರು, ದಿನಾ ಮಾತ್ರೆ ತಗೊಳ್ಳುವವರು, ಗಾಯಗೊಂಡವರು, ಮನೆ ಪೂರ್ತಿ ಬಿದ್ದಿದೆಯಾ ಭಾಗಶಃವಾ, ಎಮ್ಮೆ ಮೇಕೆ ಉಳಿದಿವೆಯಾ, ಬಿತ್ತನೆ ಬೀಜ ಸಿಕ್ಕಿತಾ. ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದರೆ ಸಾಕು. ಈ ಹಾಳೆ ಕೈಯಲ್ಲಿದ್ದರೆ ಕೆಳಗಿನ ರಸ್ತೆಗೆ ಬಂದ ಸಂಸ್ಥೆಯವರ ಮುಂದೆ ನಿಂತು ಮಾತಾಡುವ ರೀತಿಯೇ ಬೇರೆಯಾಗುತ್ತದೆ. "ನಮಗೆ ಏನಾದರೂ ಕೊಡಿ" ಅನ್ನುವುದರ ಬದಲು "ನಮ್ಮಲ್ಲಿ 131 ಮನೆ ಪೂರ್ತಿ ಬಿದ್ದಿವೆ, 9 ಬಾಣಂತಿಯರು ಇದ್ದಾರೆ, ಇಷ್ಟು ಟಾರ್ಪಾಲ್ ಬೇಕು" ಎನ್ನಬಹುದು.

52 ಟಾರ್ಪಾಲ್, 131 ಮನೆ

ಈಗ ಕಷ್ಟದ ಭಾಗ. ಮೂಟೆ ಬಂತು, ಬಿಚ್ಚಿದರೆ 52 ಟಾರ್ಪಾಲ್. ಬೇಕಾಗಿದ್ದು 131. ಏನು ಮಾಡಬೇಕು?

ಊರವರು ಸಾಮಾನ್ಯವಾಗಿ ಹೇಳುವುದು ಸಮಪಾಲು. ಎಲ್ಲರಿಗೂ ನಷ್ಟ ಆಗಿದೆ, ಎಲ್ಲರಿಗೂ ಒಂದೇ ಥರ ಕೊಡಿ. ಅದರಲ್ಲಿ ತಪ್ಪಿಲ್ಲ. ನಾಳೆಯೂ ಒಟ್ಟಿಗೆ ಬದುಕಬೇಕಾದ ಊರಿಗೆ ಸಮಪಾಲು ಅಂದರೆ ಜಗಳ ಇಲ್ಲದ ದಾರಿ. ಆದರೆ ಟಾರ್ಪಾಲನ್ನು ಎರಡು ಹೋಳು ಮಾಡಿದರೆ ಯಾರ ತಲೆಯೂ ಮುಚ್ಚುವುದಿಲ್ಲ. ಹೊರಗಿನ ಸಂಸ್ಥೆಯವರು ಹೇಳುವುದು ಬೇರೆ: ಹೆಚ್ಚು ಕಷ್ಟದಲ್ಲಿರುವವರಿಗೆ ಮೊದಲು. ಅದೂ ಸರಿ. ಆದರೆ ಯಾರು ಹೆಚ್ಚು ಕಷ್ಟದಲ್ಲಿದ್ದಾರೆ ಅನ್ನುವುದನ್ನು ಹೊರಗಿನವರು ತೀರ್ಮಾನಿಸಿ ಹೋದರೆ ಅವರ ಗಾಡಿ ತಿರುಗಿದ ಕೂಡಲೇ ಜಗಳ.

ಮೇಷ್ಟ್ರು ಬೇಕಾಗುವುದು ಈ ಎರಡರ ಮಧ್ಯೆ. ಮೈದಾನದಲ್ಲಿ ಎಲ್ಲರನ್ನೂ ಕೂರಿಸಿ ಮೊದಲು ನಿಯಮ ಮಾಡುವುದು, ಹೆಸರು ಆಮೇಲೆ. "ಎಳೆ ಮಗು ಇರುವ ಮನೆಗೆ ಮೊದಲು, ಒಪ್ಪಿಗೆನಾ?" ಕೈ ಎತ್ತುತ್ತಾರೆ. "ಎದ್ದು ಓಡಾಡಲಾರದ ಗಾಯಾಳು ಇರುವ ಮನೆಗೆ?" ಮತ್ತೆ ಕೈ. ನಿಯಮ ಒಪ್ಪಿದ ಮೇಲೆ ಪಟ್ಟಿಯನ್ನು ಗಟ್ಟಿಯಾಗಿ ಓದುವುದು. ಮನೆ ಮನೆ ಹೆಸರು, ಯಾಕೆ ಮೊದಲು ಅನ್ನುವ ಕಾರಣ. ತಪ್ಪಿದ್ದರೆ ಅಲ್ಲೇ ಯಾರೋ ಎದ್ದು ಹೇಳುತ್ತಾರೆ: "ಸರ್, ಅವರ ಮನೆ ನಿಂತಿದೆ" ಅಂತಲೋ, "ಮೇಲಿನ ಅಜ್ಜಿಯನ್ನು ಬಿಟ್ಟಿರಿ" ಅಂತಲೋ. ಉಳಿದ ಮನೆಗಳು ಅಕ್ಕಪಕ್ಕದವರ ಟಾರ್ಪಾಲಿನ ಕೆಳಗೆ ಸೇರಿಕೊಂಡು, ಮುಂದಿನ ಮೂಟೆ ಬಂದಾಗ ಮೊದಲಿಗರಾಗುತ್ತಾರೆ. ಕೊಟ್ಟ ಮೇಲೆ ಹಾಳೆಯನ್ನು ಮರಕ್ಕೋ ಉಳಿದ ಗೋಡೆಗೋ ಅಂಟಿಸಬೇಕು. ಓದು ಬಾರದವರಿಗೆ ಮಕ್ಕಳು ಓದಿ ಹೇಳುತ್ತಾರೆ.

ಗಟ್ಟಿಯಾಗಿ ಓದುವುದು ಸಣ್ಣ ವಿಷಯ ಅಲ್ಲ. ನೇಪಾಳದ ಶಿಕ್ಷಕರ ಸಂಘಗಳು ರಾಜಕೀಯ ಪಕ್ಷಗಳ ಜೊತೆ ಗುರುತಿಸಿಕೊಂಡಿವೆ. ಈ ಮೇಷ್ಟ್ರು ಯಾವ ಪಕ್ಷದವರು ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ಜಾತಿಯೂ ಇದೆ. ಶಿಕ್ಷಕರಲ್ಲಿ ಮೇಲ್ಜಾತಿಯವರ ಪಾಲು ದೊಡ್ಡದು. ಕಷ್ಟಪಟ್ಟವರಲ್ಲಿ ತಮ್ಮದೇ ಭಾಷೆ ಇರುವ ತಾಮಾಂಗ್ ಬುಡಕಟ್ಟಿನವರು, ದಲಿತರು ಬಹಳ. ರಸುವಾ, ಸಿಂಧುಪಾಲ್ಚೋಕ್ ಕಡೆಯ ವಯಸ್ಸಾದ ತಾಮಾಂಗ್ ಹೆಂಗಸರಿಗೆ ನೇಪಾಳಿ ಮಾತು ಅಷ್ಟು ಸಲೀಸಲ್ಲ. ದಲಿತರಿಗೆ ಪಾಲು ತಡವಾಗಿ ಬಂತು, ಕಡಿಮೆ ಬಂತು ಎಂಬ ದೂರು ಆ ಸಮಯದಲ್ಲಿ ಕೇಳಿಬಂದಿತ್ತು. ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಯಾರೂ ನ್ಯಾಯವಂತರಾಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರೇ ಪಟ್ಟಿ ಮಾಡಬಾರದು. ಪ್ರತಿ ಹಟ್ಟಿಯಿಂದ ಒಬ್ಬ ಹೆಂಗಸು ಜೊತೆಗೆ ಕೂರಬೇಕು. ಮನೆಯಲ್ಲಿ ಎಷ್ಟು ಹೊಟ್ಟೆ, ಎಷ್ಟು ಅಕ್ಕಿ ಅನ್ನುವುದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರಲ್ಲ.

ಲೆಕ್ಕದ ಮೇಷ್ಟ್ರಿಗೆ ಇನ್ನೂ ಒಂದು ಕೆಲಸ ಇದೆ. ಪರಿಹಾರ ಕೆಲಸಕ್ಕೆ ಜಗತ್ತಿನಾದ್ಯಂತ ಒಪ್ಪಿದ ಕೆಲವು ಕನಿಷ್ಠ ಅಳತೆಗಳಿವೆ. ಸ್ಫಿಯರ್ ಮಾನದಂಡ ಎನ್ನುತ್ತಾರೆ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು. ಮಲಗಿ ಏಳಲು ಒಬ್ಬರಿಗೆ ಮೂರೂವರೆ ಚದರ ಮೀಟರ್ ಸೂರಿನಡಿಯ ಜಾಗ. 20 ಜನಕ್ಕೆ ಒಂದು ಕಕ್ಕಸು. ನಮ್ಮ 700 ಜನರ ಊರಿಗೆ ಲೆಕ್ಕ ಹಾಕಿ: ದಿನಕ್ಕೆ 10,500 ಲೀಟರ್ ನೀರು, 35 ಕಕ್ಕಸು ಗುಂಡಿ. ಭೂಕಂಪದ ಮೇಲೆ ನೇಪಾಳದ ಎಷ್ಟೋ ಒರತೆಗಳು ಬತ್ತಿದವು, ಕೆಲವು ಬೇರೆ ಕಡೆ ಎದ್ದವು. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಅಷ್ಟರೊಳಗೆ ಗುಂಡಿ ತೋಡದಿದ್ದರೆ ಭೇದಿ ಗ್ಯಾರಂಟಿ. ನೀರಿನ ಒರತೆಗಿಂತ ಕೆಳಗಡೆ, ದೂರದಲ್ಲಿ ಗುಂಡಿ ತೋಡಿ ಎಂದು ಹೇಳುವುದು ವಿಜ್ಞಾನದ ಪಾಠವೇ ಅಲ್ವಾ?

ಬೇಡ ಅನ್ನುವುದೂ ನೆರವೇ

ದೂರದಿಂದ ಕಳಿಸುವವರಿಗೆ ಒಳ್ಳೆಯ ಮನಸ್ಸು ಇರುತ್ತದೆ. ಊರಿಗೆ ಏನು ಬೇಕು ಅನ್ನುವುದು ಗೊತ್ತಿರುವುದಿಲ್ಲ. ಹಳೇ ಬಟ್ಟೆ ರಾಶಿ ಬೀಳುವುದು ಎಲ್ಲ ಅನಾಹುತಗಳಲ್ಲೂ ನಡೆಯುವ ಕಥೆ. ನೇಪಾಳದಲ್ಲಿ ಮೊದಲ ವಾರ ಜನರ ಹೊಟ್ಟೆ ಕಾದದ್ದು ಚಿಯುರಾ, ಅಂದರೆ ನಮ್ಮ ಅವಲಕ್ಕಿ. ಮತ್ತೆ ಚಾವ್‌ಚಾವ್, ಅಂದರೆ ಪ್ಯಾಕೆಟ್ ನೂಡಲ್ಸ್. ಒಲೆ ಇಲ್ಲ, ಪಾತ್ರೆ ಕಲ್ಲಿನ ಅಡಿಯಲ್ಲಿದೆ. ಹಾಗೇ ತಿನ್ನಬಹುದಾದದ್ದು ಬೇಕು. ಎರಡು ವಾರ ಕಳೆದ ಮೇಲೆ ಅದೇ ಅವಲಕ್ಕಿ ಮೂಟೆ ಬಂದರೆ ಪ್ರಯೋಜನ ಕಡಿಮೆ. ಆಗ ಬೇಕಾದದ್ದು ಪಾತ್ರೆ, ಉಪ್ಪು, ಎಣ್ಣೆ, ತಗಡಿನ ಶೀಟು, ಕಲ್ಲುಮಣ್ಣು ಎತ್ತಲು ಸನಿಕೆ, ಗುದ್ದಲಿ.

ಎಲ್ಲಕ್ಕಿಂತ ಬೇಗ ಬೇಕಾಗಿದ್ದು ಬೀಜ. ಇದನ್ನು ನಗರದವರು ಯೋಚಿಸುವುದಿಲ್ಲ. ಬೆಟ್ಟದ ಮನೆಗಳಲ್ಲಿ ಭತ್ತ, ಮೆಕ್ಕೆಜೋಳ, ಬಿತ್ತನೆ ಬೀಜ ಎಲ್ಲ ಮನೆಯೊಳಗೇ ಇರುತ್ತದೆ. ಮನೆ ಬಿತ್ತು ಅಂದರೆ ಮುಂದಿನ ವರ್ಷದ ಅನ್ನವೂ ಮಣ್ಣಾಯಿತು. ಭತ್ತದ ನಾಟಿ ಜೂನ್, ಜುಲೈಗೆ. ಸಸಿಮಡಿ ಅದಕ್ಕೂ ಮೊದಲು. ಮೇ ಮುಗಿಯುವುದರೊಳಗೆ ಬೀಜ ಕೈಗೆ ಬರದಿದ್ದರೆ ಆ ವರ್ಷದ ಬೆಳೆ ಹೋದ ಹಾಗೆ. ಮೇಷ್ಟ್ರ ಪಟ್ಟಿಯಲ್ಲಿ "ಬೀಜ ಉಳಿದಿದೆಯಾ" ಅನ್ನುವ ಒಂದು ಕಾಲಂ ಇದ್ದರೆ ಅದು ಒಂದು ವರ್ಷದ ಊಟದ ಪ್ರಶ್ನೆ.

ಬಿದಿರಿನ ಶಾಲೆ

ಮೇ 31ಕ್ಕೆ ಶಾಲೆಗಳು ತೆರೆದವು ಅಂದೆ. ತೆರೆದದ್ದು ಕಟ್ಟಡ ಅಲ್ಲ. ಬಿದಿರಿನ ಗಳ ನೆಟ್ಟು, ಟಾರ್ಪಾಲ್ ಅಥವಾ ತಗಡು ಹೊದಿಸಿದ ತಾತ್ಕಾಲಿಕ ಕಲಿಕಾ ಕೇಂದ್ರಗಳು. ಬಹಳ ಕಡೆ ಊರವರೇ ಕಟ್ಟಿದರು. ಯುನಿಸೆಫ್ ಮತ್ತು ಬೇರೆ ಸಂಸ್ಥೆಗಳು ಸಾಮಾನು ಒದಗಿಸಿದವು.

ಹೊಟ್ಟೆಗೆ ಇಲ್ಲದಾಗ ಶಾಲೆ ಯಾಕೆ ಅನ್ನುವವರು ಇದ್ದಾರೆ. ನನಗೆ ಮಾತ್ರ ಇದು ಪರಿಹಾರದ ಅತಿ ಮುಖ್ಯ ಭಾಗ ಅನಿಸುತ್ತದೆ. ಮಗು ದಿನಕ್ಕೆ ನಾಲ್ಕು ಗಂಟೆ ಸುರಕ್ಷಿತ ಜಾಗದಲ್ಲಿ ಇದ್ದರೆ ಅಮ್ಮ ಕಲ್ಲು ಎತ್ತಬಹುದು, ಸಸಿಮಡಿ ಮಾಡಬಹುದು, ತಗಡಿಗೆ ಸರತಿ ನಿಲ್ಲಬಹುದು. ಇಲ್ಲದಿದ್ದರೆ ಮಗು ಬಿದ್ದ ಮನೆಯ ಅವಶೇಷಗಳ ಮಧ್ಯೆ ಆಡುತ್ತಿರುತ್ತದೆ.

ಮೊದಲ ದಿನಗಳಲ್ಲಿ ಪುಸ್ತಕ ತೆರೆಯಲಿಲ್ಲ. ಹಾಡು, ಆಟ, ಚಿತ್ರ. ಶಿಕ್ಷಕರಿಗೆ ಇದಕ್ಕೆಂದೇ ಚಿಕ್ಕ ತರಬೇತಿ ಕೊಟ್ಟರು. ಭೂಕಂಪ ಕಂಡ ಮಗು ಹೇಗಿರುತ್ತದೆ? ಸೂರಿನ ಕೆಳಗೆ ಬರಲು ಒಪ್ಪುವುದಿಲ್ಲ. ಬಾಗಿಲು ಬಡಿದರೆ ಎದ್ದು ಓಡುತ್ತದೆ. ಹತ್ತು ವರ್ಷದ ಹುಡುಗ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಇದು ರೋಗ ಅಲ್ಲ. ಹೆದರಿದ ದೇಹ ನಡೆದುಕೊಳ್ಳುವ ರೀತಿ. ಬಹುಪಾಲು ಮಕ್ಕಳಿಗೆ ಇದನ್ನು ಇಳಿಸುವುದು ದಿನಾ ಒಂದೇ ಥರ ನಡೆಯುವ ಸಣ್ಣ ಸಣ್ಣ ಸಂಗತಿಗಳು. ಅದೇ ಹೊತ್ತಿಗೆ ಗಂಟೆ, ಅದೇ ಪ್ರಾರ್ಥನೆ, ಅದೇ ಸ್ನೇಹಿತನ ಪಕ್ಕ ಕೂರುವುದು. "ಏನಾಯಿತು ಹೇಳು" ಎಂದು ಮಗುವನ್ನು ಒತ್ತಾಯ ಮಾಡಬಾರದು. ಅದಾಗಿ ಹೇಳಿದರೆ ಕೂತು ಕೇಳಬೇಕು. ವಾರಗಟ್ಟಲೆ ಕಳೆದರೂ ಮಾತಾಡದ, ತಿನ್ನದ ಮಗುವಿಗೆ ವೈದ್ಯರು ಬೇಕು. ಅಂಥ ಮಗು ಯಾವುದು ಅನ್ನುವುದನ್ನು ಮೊದಲು ಗುರುತಿಸುವವರು ತರಗತಿಯಲ್ಲಿ ನಿಂತವರೇ.

ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳದೆ ನಡೆಯುವಂಥದ್ದು. ಹಾಜರಿ ಕೂಗುವುದು. ಸಿಂಧುಪಾಲ್ಚೋಕ್, ನುವಾಕೋಟ್ ಕಡೆಯಿಂದ ಹುಡುಗಿಯರನ್ನು ಕೆಲಸದ ಆಸೆ ತೋರಿಸಿ ಸಾಗಿಸುವ ಜಾಲ ಭೂಕಂಪಕ್ಕೂ ಮೊದಲೇ ಇತ್ತು. ಮನೆ ಮಠ ಕಳೆದುಕೊಂಡ ಕುಟುಂಬಕ್ಕೆ "ಮಗಳನ್ನು ಓದಿಸುತ್ತೇವೆ, ಕಳಿಸಿಕೊಡಿ" ಅನ್ನುವ ಮಾತು ದೇವರ ವರದ ಹಾಗೆ ಕೇಳಿಸಬಹುದು. ಆ ಭಯಕ್ಕೇ ಸರ್ಕಾರ ಹೆತ್ತವರು ಅಥವಾ ಪೋಷಕರು ಇಲ್ಲದೆ ಮಕ್ಕಳು ಜಿಲ್ಲೆ ದಾಟುವಂತಿಲ್ಲ ಎಂದು ನಿಯಮ ಮಾಡಿತು. ವಿದೇಶಿ ದತ್ತು ಪಡೆಯುವುದನ್ನೂ ತಡೆಹಿಡಿಯಿತು. ಗಡಿಯಲ್ಲಿ ಪೊಲೀಸರು ತಡೆಯಬಹುದು. ಆದರೆ ಮಗು ಊರು ಬಿಟ್ಟಿದೆ ಅನ್ನುವುದು ಮೊದಲು ಗೊತ್ತಾಗುವುದು ಹೆಸರು ಕೂಗಿದಾಗ ಉತ್ತರ ಬರದಿದ್ದರೆ. ಒಂದು ದಿನ ಬಾರದಿದ್ದರೆ ಸರಿ. ಎರಡನೇ ದಿನ ಸಂಜೆ ಮೇಷ್ಟ್ರು ಆ ಮನೆಯ ಟಾರ್ಪಾಲಿನ ಹತ್ತಿರ ಹೋಗಿ ಕೇಳಬೇಕು.

ಗೋಡೆಗೆ ಸೊಂಟಪಟ್ಟಿ

ನೇಪಾಳದ ಬೆಟ್ಟದ ಮನೆಗಳು ಯಾಕೆ ಅಷ್ಟೊಂದು ಬಿದ್ದವು? ಕಲ್ಲಿನ ಗೋಡೆ, ಮಧ್ಯೆ ಮಣ್ಣಿನ ಗಾರೆ. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಚಿಕ್ಕ ಕಲ್ಲು ತುಂಬಿರುತ್ತಾರೆ. ನೆಲ ಅಲ್ಲಾಡಿದಾಗ ಎರಡು ಪದರ ಬೇರೆ ಬೇರೆಯಾಗಿ ಬಿಚ್ಚಿಕೊಂಡು ಉದುರುತ್ತವೆ. ಮೂಲೆಗಳು ಬಾಯಿ ಬಿಡುತ್ತವೆ. ಇದಕ್ಕೆ ದಾರಿ ಇದೆ, ಅಂಥ ದುಬಾರಿಯೂ ಅಲ್ಲ. ಅಲ್ಲಲ್ಲಿ ಗೋಡೆಯ ಒಳಮೈಯಿಂದ ಹೊರಮೈವರೆಗೆ ಮುಟ್ಟುವ ಉದ್ದ ಕಲ್ಲು ಇಡಬೇಕು. ಕಿಟಕಿಯ ಕೆಳಗೆ, ಬಾಗಿಲ ಮೇಲೆ, ಛಾವಣಿಯ ಅಡಿಗೆ ಸುತ್ತಲೂ ಮರದ್ದೋ ಕಾಂಕ್ರೀಟಿನದ್ದೋ ಪಟ್ಟಿ ಹಾಕಬೇಕು. ಮನೆಗೆ ಸೊಂಟಪಟ್ಟಿ ಕಟ್ಟಿದ ಹಾಗೆ. ಗೋಡೆಗಳು ಒಂದಕ್ಕೊಂದು ಹಿಡಿದುಕೊಂಡು ನಿಲ್ಲುತ್ತವೆ.

ನೇಪಾಳದಲ್ಲಿ ಇದನ್ನು ಶಾಲೆಗಳ ಮೂಲಕವೇ ತೋರಿಸುವ ಕೆಲಸ 1990ರ ದಶಕದ ಕೊನೆಯಿಂದ ನಡೆದಿತ್ತು. ಎನ್‌ಸೆಟ್ ಎಂಬ ಸಂಸ್ಥೆ ಊರಿನ ಗಾರೆ ಕೆಲಸದವರಿಗೇ ಕಲಿಸಿ ಹಳೇ ಶಾಲೆಗಳನ್ನು ಬಲಪಡಿಸುತ್ತಿತ್ತು. ಕಠ್ಮಂಡು ಕಣಿವೆಯಲ್ಲಿ ಹೀಗೆ ಬಲಪಡಿಸಿದ ಶಾಲೆಗಳು 2015ರಲ್ಲಿ ಬೀಳಲಿಲ್ಲ. ಎಷ್ಟೋ ಕಡೆ ಜನ ಅಲ್ಲೇ ಆಶ್ರಯ ಪಡೆದರು.

ಪುನರ್ನಿರ್ಮಾಣದ ಹೊತ್ತಿಗೆ ಕಾಗದದ ಬೆಟ್ಟ ಎದುರಾಯಿತು. ಅದಕ್ಕೆಂದೇ ಪ್ರಾಧಿಕಾರ ಹುಟ್ಟಿದ್ದು 2015ರ ಡಿಸೆಂಬರ್‌ನಲ್ಲಿ, ಎಂಟು ತಿಂಗಳು ಕಳೆದ ಮೇಲೆ. ಕಟ್ಟಿಕೊಳ್ಳಲು ಸರ್ಕಾರ ಕೊಡುವ ನೆರವು ಮನೆಗೆ ಮೊದಲು 2 ಲಕ್ಷ ಎಂದಿದ್ದು ಆಮೇಲೆ 3 ಲಕ್ಷ ನೇಪಾಳಿ ರೂಪಾಯಿ ಆಯಿತು. ನಮ್ಮ ಲೆಕ್ಕದಲ್ಲಿ ಸುಮಾರು 1 ಲಕ್ಷ 87 ಸಾವಿರ. ಮೂರು ಕಂತು: ಒಪ್ಪಂದಕ್ಕೆ ಸಹಿ ಹಾಕಿದಾಗ 50 ಸಾವಿರ, ಅಡಿಪಾಯ ಸರಿ ಎಂದು ಇಂಜಿನಿಯರ್ ಒಪ್ಪಿದ ಮೇಲೆ ಒಂದೂವರೆ ಲಕ್ಷ, ಗೋಡೆ ಎದ್ದ ಮೇಲೆ 1 ಲಕ್ಷ. ಪೌರತ್ವದ ಕಾಗದ, ಜಮೀನಿನ ಕಾಗದ, ಬ್ಯಾಂಕ್ ಖಾತೆ ಬೇಕು. ಕಾಗದವೇ ಕಲ್ಲಿನ ಅಡಿ ಸೇರಿದವರು, ಜಮೀನು ಗಂಡನ ಅಪ್ಪನ ಹೆಸರಿನಲ್ಲಿದ್ದವರು ಏನು ಮಾಡಬೇಕು? ಅರ್ಜಿ ಓದಿ ಹೇಳುವ, ಸೊಂಟಪಟ್ಟಿ ಹಾಕದೆ ಗೋಡೆ ಎಬ್ಬಿಸಿದರೆ ಕಂತು ನಿಲ್ಲುತ್ತದೆ ಎಂದು ಮೊದಲೇ ಎಚ್ಚರಿಸುವ ಒಬ್ಬರು ಊರಲ್ಲಿದ್ದರೆ ಬಹಳ ಮನೆ ಉಳಿಯುತ್ತವೆ.

ನಮ್ಮ ಕಡೆ

ಇದು ದೂರದ ಮಾತು ಅನಿಸಿದರೆ ಬೀದರ್, ಕಲಬುರಗಿ ಕಡೆಯ ಹಿರಿಯರನ್ನು ಕೇಳಿ. 1993ರ ಸೆಪ್ಟೆಂಬರ್ 30, ನಸುಕಿನ 3.56. ಹಿಂದಿನ ರಾತ್ರಿ ಗಣಪತಿ ಬಿಟ್ಟು ಬಂದು ಮಲಗಿದ್ದ ಜನ. ನಮ್ಮ ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಸತ್ತವರು ಹತ್ತಿರಹತ್ತಿರ 8 ಸಾವಿರದಿಂದ 10 ಸಾವಿರ. ಅಲ್ಲೂ ಅದೇ ಕಥೆ: ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಆ ಪ್ರದೇಶ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ಕಂಪನ ಆದಾಗ ಜನ ಮನೆಯೊಳಗೆ ಮಲಗಲು ಹೆದರಿದ್ದು ಸುಮ್ನೆ ಅಲ್ಲ.

ನಮ್ಮ ಶಿಕ್ಷಕರಿಗೆ ಪಟ್ಟಿ ಹೊಸದಲ್ಲ. ಜನಗಣತಿ ಅವರದ್ದು, ಮತದಾರರ ಪಟ್ಟಿ ಅವರದ್ದು. ನೆರೆ ಬಂದಾಗ ಗಂಜಿ ಕೇಂದ್ರ ತೆರೆಯುವುದೂ ಶಾಲೆಯಲ್ಲೇ. ಹೊರೆ ಜಾಸ್ತಿ ಎಂದು ಅವರು ಹೇಳುವುದು ನ್ಯಾಯ. ಹಾಗಾಗಿ ಹೊಸ ಕೆಲಸ ಹೇರುವ ಮಾತು ನಾನು ಆಡುವುದಿಲ್ಲ. ಎರಡು ಸಣ್ಣ ಸಂಗತಿ ಮಾತ್ರ. ದಾಖಲಾತಿ ಪುಸ್ತಕದ ಒಂದು ಜೆರಾಕ್ಸ್ ಶಾಲೆಯ ಹೊರಗೆ, ಬೇರೆ ಕಟ್ಟಡದಲ್ಲಿ ಇರಲಿ. ಶಾಲೆ ಬಿದ್ದರೆ ಪುಸ್ತಕವೂ ಅದರ ಅಡಿಗೇ ಹೋಗುತ್ತದೆ. ಮತ್ತೆ, ಮಕ್ಕಳು ಬರುವ ಹಟ್ಟಿ, ತಾಂಡಾ, ತೋಟದ ಮನೆಗಳ ಒಂದು ಕೈನಕ್ಷೆ ಆ ಜೆರಾಕ್ಸ್ ಜೊತೆ ಇರಲಿ. ಏಳನೇ ತರಗತಿಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಬರೆದುಕೊಡುತ್ತಾರೆ.

ಕೊನೆಗೆ ನಮ್ಮ ಕಲ್ಪನೆಯ ಊರಿನ ಮೇಷ್ಟ್ರ ಬಗ್ಗೆ. ಅವರ ಮನೆಯೂ ಬಿದ್ದಿದೆ. ಅಮ್ಮನೋ ಮಗುವೋ ಹೋಗಿರಬಹುದು. ಪಟ್ಟಿ ಬರೆಯುವಾಗ ಅವರು ತಮ್ಮ ಹೆಸರು ಎಲ್ಲಿ ಬರೆದುಕೊಳ್ಳಬೇಕು? ಸಂಕೋಚಕ್ಕೆ ಕೊನೆಯಲ್ಲಿ ಬರೆಯುತ್ತಾರೆ, ಅಥವಾ ಬಿಟ್ಟೇಬಿಡುತ್ತಾರೆ. ಹೊರಗಿನಿಂದ ಬಂದವರು ಇದನ್ನು ನೋಡಬೇಕು. ಅವರಿಗೂ ಟಾರ್ಪಾಲ್ ಸಿಕ್ಕಿತಾ? ಹಟ್ಟಿ ಹಟ್ಟಿ ಸುತ್ತಲು ಒಂದು ಜೊತೆ ಗಟ್ಟಿ ಚಪ್ಪಲಿ ಇದೆಯಾ? ಫೋನಿಗೆ ದುಡ್ಡು ಹಾಕಿಸಿಕೊಡುವವರು ಯಾರು? ವಾರಕ್ಕೊಂದು ದಿನ ಈ ಕೆಲಸದಿಂದ ಬಿಡುವು ಕೊಟ್ಟು ಬೇರೆಯವರು ಪಟ್ಟಿ ಹಿಡಿಯುತ್ತಾರಾ? ಮೇ 31ಕ್ಕೆ ಗಂಟೆ ಹೊಡೆಯಬೇಕು. ಅಷ್ಟರಲ್ಲಿ ಒಂದು ರಾತ್ರಿಯಾದರೂ ಅವರು ನಿದ್ದೆ ಮಾಡಿರಬೇಕು.